ಕೋಳಿಗೂಡಿಗೆ ಸೋಲಾರ್ ಝಟಕಾ ಮಷಿನ್: ಎರೆ ಭೂಮಿಯಲ್ಲಿ ಬಳಸಿ ಕಂಡದ್ದು

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ನರಿ, ನಾಯಿ, ಕಾಡುಬೆಕ್ಕು ತಡೆಯಲು ಬೇಲಿ ತಂತಿಗೆ ಕರೆಂಟಿನ ಹೊಡೆತ ಕೊಡುವ ಝಟಕಾ ಮಷಿನ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಡಬ್ಬಿಯಲ್ಲಿ ಬಂದ ಸಾಮಾನನ್ನೇ ನಂಬಿ ಕೂತರೆ ಸಿಂಧನೂರು, ಮಸ್ಕಿ, ಕಾರಟಗಿ ಕಡೆಯ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಅದು ಮಳೆಗಾಲದ ಮಷಿನ್ ಅಷ್ಟೇ. ಏಪ್ರಿಲ್ ಬಂತೆಂದರೆ ಟಕ್ ಟಕ್ ಎಂದು ಸದ್ದು ಮಾಡುತ್ತದೆ, ನಾಯಿ ಮಾತ್ರ ಆರಾಮಾಗಿ ಒಳಗೆ ಬರುತ್ತದೆ. ಐದಕ್ಕೆ ಮೂರೂವರೆ. ಕಳೆದ ಒಂದೂವರೆ ಅಂಕದಲ್ಲಿ ಒಂದು ಅರ್ಥಿಂಗ್ ಸಾಮಾನಿಗೆ, ಅರ್ಧ ಬ್ಯಾಟರಿಗೆ.

ವಸ್ತು ಏನೆಂದರೆ: 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಪೆಟ್ಟಿಗೆ, 20 ವ್ಯಾಟ್ ಸೋಲಾರ್ ಪ್ಲೇಟು, ಒಂದು ಸೈರನ್, ಒಂದಿಷ್ಟು ಪ್ಲಾಸ್ಟಿಕ್ ಇನ್ಸುಲೇಟರ್, ಒಂದೇ ಒಂದು ಮೊಳದುದ್ದದ ಅರ್ಥಿಂಗ್ ಕಡ್ಡಿ. ಸುಮಾರು ಒಂದು ಸೆಕೆಂಡಿಗೊಮ್ಮೆ ಏಳೆಂಟು ಸಾವಿರ ವೋಲ್ಟಿನ ಹೊಡೆತ ತಂತಿಗೆ ಹೋಗುತ್ತದೆ. ಕರೆಂಟು ಹರಿಯುವುದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು, ಹಾಗಾಗಿ ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಬೇಲಿ ಯಂತ್ರಗಳ ಮಾನದಂಡವಾದ ಐಎಸ್ 302-2-76 ಇದೆಯೇ ನೋಡಿ. ಇಲ್ಲದಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. "ಇಪ್ಪತ್ತು ಎಕರೆ ಕವರ್ ಆಗ್ತದ್ರಿ" ಎಂಬ ಅಂಗಡಿಯ ಮಾತಿಗೆ ಕಿವಿಗೊಡಬೇಕಿಲ್ಲ. ಕೋಳಿ ಅಂಗಳಕ್ಕೆ ಒಂದು ಜೂಲ್‌ಗಿಂತ (ಜೂಲ್ ಎಂದರೆ ಹೊಡೆತದ ಶಕ್ತಿಯ ಅಳತೆ) ಕಡಿಮೆಯ ಸಣ್ಣ ಮಷಿನ್ ಧಾರಾಳ.

ಈಗ ಅರ್ಥಿಂಗ್. ಈ ಬೇಲಿಯಲ್ಲಿ ನರಿಗೆ ಪೆಟ್ಟು ಬೀಳುವುದು ತಂತಿಯಿಂದ ಅದರ ಮೂಗಿಗೆ, ಮೂಗಿನಿಂದ ಕಾಲಿಗೆ, ಕಾಲಿನಿಂದ ನೆಲದೊಳಗೆ ಹಾದು ಮಷಿನ್ನಿನ ಅರ್ಥ್ ಕಡ್ಡಿಗೆ ಕರೆಂಟು ಮರಳಿದಾಗ. ನೆಲ ಒಣಗಿದ್ದರೆ ಆ ದಾರಿಯೇ ಇಲ್ಲ. ಎರೆ ಮಣ್ಣು ಹಸಿ ಇದ್ದಾಗ ಮಸಾರಿ ಅಂದರೆ ಕೆಂಪು ಮಣ್ಣಿಗಿಂತ ಚೆನ್ನಾಗಿ ಕರೆಂಟು ಹರಿಸುತ್ತದೆ. ಅದಕ್ಕೇ ಆಗಸ್ಟಿನಲ್ಲಿ ಬೇಲಿ ಹಾಕಿದವರೆಲ್ಲ ಭೇಷ್ ಎನ್ನುತ್ತಾರೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು ಕಡ್ಡಿಯಿಂದ ದೂರ ಸರಿಯುತ್ತದೆ. ಕಡ್ಡಿಯ ಸುತ್ತ ಬೆರಳು ಹೋಗುವಷ್ಟು ಸಂದು ಕಣ್ಣಿಗೇ ಕಾಣುತ್ತದೆ. ಕಾಲುವೆ ನೀರು ನಿಂತು ನಾಯಿ, ನರಿಗಳು ನೀರು ಹುಡುಕುತ್ತ ಮನೆ ಹತ್ತಿರ ಸುಳಿಯುವ ತಿಂಗಳುಗಳೂ ಅವೇ.

ಡಬ್ಬಿಯ ಕಡ್ಡಿಯನ್ನು ಬದಿಗಿಟ್ಟು ಆರು ಅಡಿಯ ಮೂರು ಜಿ.ಐ. (ಸತು ಲೇಪಿಸಿದ ಕಬ್ಬಿಣದ) ರಾಡು ತರಬೇಕು. ಒಂದಕ್ಕೊಂದು ಹತ್ತು ಅಡಿ ದೂರದಲ್ಲಿ, ಬಚ್ಚಲ ನೀರು ಹೋಗುವ ಕಡೆಯೋ ದನದ ತೊಟ್ಟಿಯ ಪಕ್ಕದಲ್ಲೋ ಪೂರ್ತಿ ಇಳಿಸಬೇಕು. ಮನೆಯ ಅರ್ಥಿಂಗ್ ಗುಂಡಿಯಿಂದ ಮಾತ್ರ ಕನಿಷ್ಠ ಹತ್ತು ಮೀಟರ್ ದೂರವಿರಲಿ, ಇಲ್ಲವಾದರೆ ಹೊಡೆತ ಮನೆಯ ನಲ್ಲಿ, ಫ್ರಿಜ್ಜಿಗೂ ಬರಬಹುದು. ಎರೆ ನೆಲದಲ್ಲಿ ಗುಂಡಿ ಅಗಲ ತೋಡಿ ರಾಡಿನ ಸುತ್ತ ಬೆಂಟೊನೈಟ್ (ನೀರು ಹಿಡಿದು ಉಬ್ಬುವ ಜೇಡಿ) ಪುಡಿ ತುಂಬಿದರೆ ಮಣ್ಣು ಸರಿದರೂ ಸಂಪರ್ಕ ತಪ್ಪುವುದಿಲ್ಲ. ಉಪ್ಪು-ಇದ್ದಿಲು ಹಾಕುವವರಿದ್ದಾರೆ; ಮೊದಲು ಚೆನ್ನಾಗಿರುತ್ತದೆ, ಆಮೇಲೆ ಉಪ್ಪು ರಾಡನ್ನೇ ತಿನ್ನುತ್ತದೆ. ಮಾರ್ಚಿನಿಂದ ಮೊದಲ ಮಳೆಯವರೆಗೆ ವಾರಕ್ಕೊಮ್ಮೆ ರಾಡಿಗೊಂದು ಕೊಡ ನೀರು.

ಸರಿಯಾಯಿತೇ ಎಂದು ನೋಡುವ ಬಗೆ ಇದು. ಮಷಿನ್ ಆಫ್ ಮಾಡಿ, ಬೇಲಿಯ ದೂರದ ತುದಿಯಲ್ಲಿ ಎರಡು-ಮೂರು ಕಬ್ಬಿಣದ ಸಲಾಕೆಗಳನ್ನು ನೆಲಕ್ಕೆ ಚುಚ್ಚಿ ತಂತಿಗೆ ಒರಗಿಸಿ. ಆನ್ ಮಾಡಿದಾಗ ತಂತಿಯ ವೋಲ್ಟೇಜ್ 2000ಕ್ಕಿಂತ ಕೆಳಗಿಳಿದಿರಬೇಕು. ಬಳಿಕ ಬೇಲಿ ಮೀಟರಿನ ಒಂದು ತುದಿ ಕೊನೆಯ ಅರ್ಥ್ ರಾಡಿಗೆ, ಇನ್ನೊಂದು ತುದಿ ಒಂದು ಮೀಟರ್ ಆಚೆ ನೆಲಕ್ಕೆ. 300 ವೋಲ್ಟ್ ದಾಟಿದರೆ ಇನ್ನೊಂದು ರಾಡು ಬೇಕು. ಸಾದಾ ಮಲ್ಟಿಮೀಟರ್ ಹಚ್ಚಬೇಡಿ, ಸುಟ್ಟುಹೋಗುತ್ತದೆ.

ಇಷ್ಟಾದರೂ ಮೇ ತಿಂಗಳಲ್ಲಿ ನೆಲವನ್ನೇ ನಂಬುವುದು ಜಾಣತನವಲ್ಲ. ಜೊತೆಗೆ ಬರುವ ಕೈಪಿಡಿಗಳಲ್ಲಿ ಐದು ತಂತಿಯ ಬೇಲಿಯ ಚಿತ್ರವಿರುತ್ತದೆ. ಅದು ಹಂದಿ, ದನಕ್ಕೆ. ಕೋಳಿಗೆ ಜಾಲರಿ ಬೇಲಿಯನ್ನೇ ಅರ್ಥ್ ಮಾಡಿ ಅದರ ಹೊರಗೆ ಎರಡು ಕರೆಂಟು ತಂತಿ ಎಳೆಯುವುದು ಉತ್ತಮ. ನಲವತ್ತು ಅಡಿ ಉದ್ದ, ನಲವತ್ತು ಅಡಿ ಅಗಲದ ಅಂಗಳ ಎಂದುಕೊಳ್ಳಿ: ಸುತ್ತಳತೆ 160 ಅಡಿ, ಹತ್ತು ಅಡಿಗೊಂದರಂತೆ ಹದಿನಾರು ಕಂಬ, ಐದಡಿ ಎತ್ತರದ ಜಾಲರಿ. ಮೊದಲ ತಂತಿ ನೆಲದಿಂದ ಆರು ಇಂಚು ಮೇಲೆ, ಜಾಲರಿಯಿಂದ ಐದಾರು ಇಂಚು ಹೊರಗೆ. ನರಿ ಕೆರೆಯಲು ತಲೆ ತಗ್ಗಿಸಿದಾಗ ಮೂಗು ತಾಗುವುದು ಇಲ್ಲೇ. ಎರಡನೆಯದು ಜಾಲರಿಯ ತುದಿಯಿಂದ ಮೂರು ಇಂಚು ಮೇಲೆ, ಹತ್ತುವ ಬೆಕ್ಕಿಗೆ. ಇದಕ್ಕೆ 14 ಗೇಜ್ ಜಿ.ಐ. ತಂತಿ ಎರಡೂವರೆ ಕಿಲೋ ಸಾಕು, ಮೂರು ತಂದರೆ ಮೂಲೆ ಸುತ್ತಲು ಉಳಿಯುತ್ತದೆ. ಇನ್ಸುಲೇಟರ್ ಮೂವತ್ತೆರಡು, ನಾಲ್ಕು ಮೂಲೆಗೆ ಗಟ್ಟಿಯದು ಬೇರೆ. ಜಾಲರಿಯನ್ನು ನಾಲ್ಕೂ ಮೂಲೆಯಲ್ಲಿ ಅರ್ಥ್ ತಂತಿಗೆ ಬೋಲ್ಟ್ ಹಾಕಿ ಬಿಗಿಯಿರಿ. ಮೇಲೆ ಹೇಳಿದ ರಾಡಿನ ಪರೀಕ್ಷೆ ಮಾಡುವಾಗ ಮಾತ್ರ ಅದನ್ನು ಬಿಚ್ಚಿಡಬೇಕು. ಈಗ ಪ್ರಾಣಿ ತಂತಿಯನ್ನೂ ಜಾಲರಿಯನ್ನೂ ಒಟ್ಟಿಗೆ ಮುಟ್ಟಿದರೆ ನೆಲ ಎಷ್ಟು ಒಣಗಿದ್ದರೂ ಪೆಟ್ಟು ತಪ್ಪದು.

ಮಷಿನ್‌ನಿಂದ ಬೇಲಿಗೆ ಹೋಗುವ ವೈರು ಮನೆ ವೈರಿಂಗಿನದು ಆಗಬಾರದು. ಅದರ ಪ್ಲಾಸ್ಟಿಕ್ ಹೊದಿಕೆ ಸಾವಿರ ವೋಲ್ಟಿನ ಆಸುಪಾಸಿನದು, ಏಳು ಸಾವಿರಕ್ಕೆ ಅಲ್ಲಲ್ಲಿ ಸೋರುತ್ತದೆ. ಬೇಲಿಗೆಂದೇ ಬರುವ ದಪ್ಪ ಹೊದಿಕೆಯ ಕೇಬಲ್ ತನ್ನಿ. ತಾಮ್ರದ ತಂತಿಯನ್ನು ಜಿ.ಐ.ಗೆ ಸುತ್ತಿದರೆ ಒಂದೇ ಮಳೆಗಾಲದಲ್ಲಿ ಗಂಟು ಹಸಿರುಗಟ್ಟಿ ಕೆಡುತ್ತದೆ.

ಬೇಲಿ ನೆಟ್ಟಗಿದ್ದೂ ಕೋಳಿ ಹೋದರೆ ಮೊದಲು ಯಾರು ಬಂದದ್ದು ನೋಡಬೇಕು. ಪುಕ್ಕ ಚೆಲ್ಲಿದೆ, ಕೋಳಿ ಇಲ್ಲ ಎಂದರೆ ಹೆಚ್ಚಾಗಿ ನರಿ ಅಥವಾ ಕಾಡುಬೆಕ್ಕು. ಏಳೆಂಟು ಕೋಳಿ ಸತ್ತು ಅಲ್ಲೇ ಬಿದ್ದಿವೆ, ಒಂದನ್ನೂ ತಿಂದಿಲ್ಲ ಎಂದರೆ ನಾಯಿ. ಊರ ಸುತ್ತ ಹೆಚ್ಚು ನಷ್ಟ ಮಾಡುವುದು ಇದೇ, ಬೈಗುಳ ಮಾತ್ರ ನರಿಗೆ. ಕುತ್ತಿಗೆಯ ಹತ್ತಿರ ಸಣ್ಣ ಹಲ್ಲಿನ ಗುರುತು, ಹಗಲು ಹೊತ್ತು, ಮರಿಗಳು ಎಂದರೆ ಮುಂಗುಸಿ. ಮೊಟ್ಟೆ ಸಿಪ್ಪೆಯೂ ಇಲ್ಲದೆ ಮಾಯವಾದರೆ ಹಾವು. ಬಯಲಲ್ಲಿ ಕಾಣುವ, ಬಾಲದ ತುದಿ ಕಪ್ಪಗಿರುವ ಸಣ್ಣ ನರಿ ಮೂರು ಕಿಲೋ ತೂಗುವುದೇ ಹೆಚ್ಚು. ಅದರ ಮುಖ್ಯ ಊಟ ಇಲಿ, ಹುಳು, ಬೋರೆಹಣ್ಣು. ದೊಡ್ಡ ಜವಾರಿ ಹುಂಜದ ತಂಟೆಗೆ ಅದು ಬರುವುದು ಅಪರೂಪ.

ಮುಂಗುಸಿ, ಹಾವು, ಹೆಗ್ಗಣ, ಹದ್ದು: ಈ ನಾಲ್ಕಕ್ಕೂ ಝಟಕಾ ಮಷಿನ್ ಉತ್ತರವಲ್ಲ. ಮುಂಗುಸಿ ಆರು ಇಂಚಿನ ತಂತಿಯ ಕೆಳಗೆ ನುಸುಳುತ್ತದೆ, ತಾಗಿದರೂ ಒರಟು ಕೂದಲಿನಿಂದ ಅರ್ಧ ಪೆಟ್ಟು ಹೋಗುತ್ತದೆ. ಅವುಗಳಿಗೆ ಗೂಡೇ ಗಟ್ಟಿಯಾಗಬೇಕು. ಆರು ಅಡಿಗೆ ನಾಲ್ಕು ಅಡಿಯ ಗೂಡಿನಲ್ಲಿ ರಾತ್ರಿ ಹನ್ನೆರಡು ದೊಡ್ಡ ಕೋಳಿ ಸುಖವಾಗಿರುತ್ತವೆ. ಪೇಟೆಯ ರೆಡಿಮೇಡ್ ಗೂಡುಗಳಿಗೆ ಆರು ಮೂಲೆಯ ಕಣ್ಣಿನ ತೆಳು ಜಾಲರಿ ಹಾಕಿರುತ್ತಾರೆ. ಅದು ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಕೆಳಗಿನ ಎರಡು ಅಡಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಷ್, ಮೇಲೆ ಒಂದು ಇಂಚಿನದು ಹಾಕಿಸಿ. ಕೆಳಗೆ ಸಣ್ಣ ಕಣ್ಣು ಯಾಕೆಂದರೆ ಮಲಗಿದ ಮರಿಯ ಕಾಲನ್ನು ಹೆಗ್ಗಣ ಹೊರಗಿನಿಂದಲೇ ಎಳೆದು ಕಡಿಯುತ್ತದೆ. ಅದು ತೋಡಿದ ಬಿಲದಲ್ಲೇ ನಾಗರಹಾವು ಬಂದು ಸೇರುವುದೂ ಉಂಟು.

ಗೂಡಿನ ಸುತ್ತ ಎರಡು ಅಡಿ ಅಗಲದ ಜಾಲರಿಯನ್ನು ನೆಲದ ಮೇಲೆ ಹೊರಮುಖವಾಗಿ ಹಾಸಿ ಅದರ ಮೇಲೆ ಶಹಾಬಾದಿ ಫರಸಿ ತುಂಡು ಹೇರಿದರೆ ಕೆರೆಯುವ ಪ್ರಾಣಿ ಗೋಡೆಯ ಬುಡದಲ್ಲೇ ಕೆರೆದು ಸೋತು ಹೋಗುತ್ತದೆ. ಎರಡು ಅಡಿ ಹಿಂದೆ ಸರಿದು ತೋಡುವ ಯೋಚನೆ ಅದಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ನೇರ ಕೆಳಗೆ ಹೂಳುವ ಜಾಲರಿ ಎರೆ ನೆಲದಲ್ಲಿ ಬಾಳಿಕೆ ಬರುವುದಿಲ್ಲ: ಮಣ್ಣು ಉಬ್ಬಿ ಕುಗ್ಗುವಾಗ ಬೆಸುಗೆ ಬಿಡುತ್ತದೆ. ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ ಬೇಕೇ ಬೇಕು. ರಾಯಚೂರಿನ ಬಿಸಿಲಿಗೆ ತಗಡಿನ ಬಾಗಿಲು ಸೊಟ್ಟಗಾಗಿ ಕೆಳಮೂಲೆ ಎರಡು ಇಂಚು ಬಾಯಿ ಬಿಡುತ್ತದೆ, ಮುಂಗುಸಿಗೆ ಅಷ್ಟು ದಾರಿ ಹೆಚ್ಚೇ ಆಯಿತು. ಒಳಗೆ ಭತ್ತದ ಹೊಟ್ಟು ಮೂರು-ನಾಲ್ಕು ಇಂಚು. ಕಾರಟಗಿ, ಗಂಗಾವತಿ ಮಿಲ್ಲುಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಮರಿಗಳಿರುವ ಭಾಗಕ್ಕೆ ಮೇಲೆ ನೆಟ್ ಕಟ್ಟಿದರೆ ಹದ್ದು, ಕಾಗೆಯ ಕಾಟ ಮುಗಿಯಿತು. ಗಿರಿರಾಜದಂಥ ಭಾರದ ಕೋಳಿ ಬೇಲಿ ಹಾರುವುದಿಲ್ಲ, ಜವಾರಿ ಹಾರಿ ಬೇವಿನ ಗಿಡದಲ್ಲಿ ಕೂರುತ್ತದೆ. ಒಂದೇ ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಸಿದರೆ ತೂಕ ತಪ್ಪಿ ಹಾರಲಾಗದು. (ಇಷ್ಟೆಲ್ಲ ಖರ್ಚು ಮಾಡಿ ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸದೆ ಬಿಡುವವರಿಗೆ ಏನು ಹೇಳೋಣ! ಅದು ಬಂದರೆ ಒಂದೇ ವಾರದಲ್ಲಿ ಗೂಡು ಖಾಲಿ.)

ಬ್ಯಾಟರಿಯ ಲೆಕ್ಕ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಪೆಟ್ಟಿಗೆಯ ಮೇಲೆ 200 ಮಿಲಿಆಂಪಿಯರ್ ಎಂದಿದ್ದರೆ ದಿನವಿಡೀ ಸುಮಾರು 4.8 ಆಂಪಿಯರ್-ಅವರ್ (ಬ್ಯಾಟರಿ ಹಿಡಿಯುವ ಕರೆಂಟಿನ ಅಳತೆ) ಬೇಕು. 20 ವ್ಯಾಟ್ ಪ್ಲೇಟು ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಕೊಡುವುದು ಐದೂವರೆ. ಅಂದರೆ ಪ್ಲೇಟಿನ ಮೇಲೆ ಧೂಳು ಕೂತರೂ ಸಾಕು, ಲೆಕ್ಕ ತಪ್ಪುತ್ತದೆ. ಸಂಡೂರು ಕಡೆ ಅದಿರಿನ ಲಾರಿ ಓಡುವ ರಸ್ತೆ ಬದಿಯವರು ವಾರಕ್ಕೆ ಎರಡು ಸಲ ಒದ್ದೆ ಬಟ್ಟೆಯಿಂದ ಒರೆಸಬೇಕು, ಬೆಳಿಗ್ಗೆ ಪ್ಲೇಟು ತಣ್ಣಗಿರುವಾಗ. ಜುಲೈ-ಆಗಸ್ಟಿನ ಮೋಡಕ್ಕೆ 7 ಆಂಪಿಯರ್-ಅವರ್‌ನ ಸಣ್ಣ ಬ್ಯಾಟರಿ ಎರಡನೇ ರಾತ್ರಿಗೇ ಕೈಕೊಡುತ್ತದೆ, 12ರದು ಹಾಕಿ. ಸೀಸದ ಬ್ಯಾಟರಿ ತಗಡಿನ ಶೆಡ್ಡಿನಲ್ಲಿಟ್ಟರೆ ಬೇಸಿಗೆಯಲ್ಲಿ ಬೇಗ ಸಾಯುತ್ತದೆ. ನೆರಳಿಗೆ ಇಡಿ, ಇಲ್ಲವೆ ಲಿಥಿಯಂ ಫಾಸ್ಫೇಟ್ ಬ್ಯಾಟರಿಗೆ ಹೊಂದುವ ಮಷಿನ್ ಕೇಳಿ.

ದಿನನಿತ್ಯದ ಕೆಲಸ ಒಂದೇ: ಸಂಜೆ ಮೀಟರ್ ಹಚ್ಚಿ ನೋಡುವುದು. ಐದು ಸಾವಿರ ಇದ್ದರೆ ನಿಶ್ಚಿಂತೆ, ಮೂರು ಸಾವಿರಕ್ಕಿಂತ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ. ಕತ್ತಲಾದ ಮೇಲೆ ಬೇಲಿ ಸುತ್ತ ನಡೆದರೆ ನೀಲಿ ಕಿಡಿ ತಾನಾಗಿ ಜಾಗ ತೋರಿಸುತ್ತದೆ. ಹತ್ತಕ್ಕೆ ಎಂಟು ಸಲ ಅದು ಬಳ್ಳಾರಿ ಜಾಲಿಯ ಚಿಗುರು ಅಥವಾ ಗರಿಕೆ. ಜಾಲಿಯನ್ನು ಬುಡಕ್ಕೆ ಕಡಿದರೂ ಮಳೆ ಬಿದ್ದ ಹದಿನೈದು ದಿನಕ್ಕೆ ಮತ್ತೆ ತಂತಿ ಮುಟ್ಟುತ್ತದೆ; ಬೇಲಿಯ ಎರಡೂ ಬದಿ ಎರಡು ಅಡಿ ಬೇರು ಸಮೇತ ಕಿತ್ತು ಗರಸು ಹಾಕುವುದೇ ದಾರಿ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಸಿಡಿಲಿಗೆ ಒಳಗಿನ ಬೋರ್ಡು ಸುಡುವುದು ಮಾಮೂಲು, ವಾರಂಟಿ ಕಾಗದದಲ್ಲಿ ಸಿಡಿಲಿಗೆ ಹೊಣೆಯಿಲ್ಲ ಎಂದೇ ಬರೆದಿರುತ್ತದೆ. ಮೋಡ ಕಟ್ಟಿದಾಗ ಬೇಲಿಯದು, ಅರ್ಥಿನದು ಎರಡೂ ವೈರು ಬಿಚ್ಚಿಡಿ, ಸಿಡಿಲು ತಡೆ ಕೂರಿಸಿದ್ದರೂ.

ಮಷಿನ್ ಕೆಟ್ಟಿತೆಂದು ಜೆಸ್ಕಾಂ (ವಿದ್ಯುತ್ ಕಂಪನಿ) ಲೈನಿನ 230 ವೋಲ್ಟನ್ನು ಒಂದು ರಾತ್ರಿಯ ಮಟ್ಟಿಗಾದರೂ ತಂತಿಗೆ ಕೊಡಬೇಡಿ. ಹೊಲಕ್ಕೆ ಹೋದ ಮನುಷ್ಯನೇ ಸಾಯುತ್ತಾನೆ, ಕೊಟ್ಟವರಿಗೆ ಜೈಲು. ಉರುಲು, ವಿಷ, ಸಿಡಿಮದ್ದು ಕೂಡ ಬೇಡ; ನರಿ, ಕಾಡುಬೆಕ್ಕು, ಮುಂಗುಸಿ ಎಲ್ಲಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಗಂಗಾವತಿ ತಾಲ್ಲೂಕಿನ ಬಂಕಾಪುರದ ಸುತ್ತ ತೋಳಗಳೂ ಓಡಾಡುವುದರಿಂದ ಅಲ್ಲಿನವರು ಇನ್ನಷ್ಟು ಎಚ್ಚರವಾಗಿರಬೇಕು.

ಇದರ ಬದಲು ಮಿನುಗುವ ಕೆಂಪು ಸೋಲಾರ್ ದೀಪ ಸಾಲದೇ ಎಂದು ಕೇಳುವವರಿಗೆ: ಕೆಲವು ವಾರ ಸಾಕು, ಆಮೇಲೆ ನರಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಹತ್ತಕ್ಕಿಂತ ಕಡಿಮೆ ಕೋಳಿ ಸಾಕಿ, ಸಂಜೆ ತಪ್ಪದೆ ಗೂಡಿಗೆ ಹಾಕುವವರಿಗೆ ಮಷಿನ್ ಬೇಡವೇ ಬೇಡ, ಆ ದುಡ್ಡನ್ನು ವೆಲ್ಡ್ ಮೆಷ್‌ಗೆ ಹಾಕಿ. ಇಪ್ಪತ್ತೈದು-ಮೂವತ್ತು ಕೋಳಿ ಹಗಲಿಡೀ ಅಂಗಳದಲ್ಲಿ ಮೇಯುವ, ಕಾಲುವೆ ದಂಡೆಗೋ ಗುಡ್ಡಕ್ಕೋ ಹತ್ತಿರದ ತೋಟದ ಮನೆಯವರು ಕೊಳ್ಳಬಹುದು. ಮಷಿನ್ನಿನ ಬೆಲೆಗೆ ಜಾಲರಿ, ರಾಡು, ಕೇಬಲ್, ದೊಡ್ಡ ಬ್ಯಾಟರಿಯ ಖರ್ಚನ್ನು ಮೊದಲೇ ಸೇರಿಸಿಕೊಂಡು ಲೆಕ್ಕ ಹಾಕಿ, ಮತ್ತು ಬೋರ್ಡು ಕೆಟ್ಟರೆ ಸಿಂಧನೂರಿನಲ್ಲೋ ಹೊಸಪೇಟೆಯಲ್ಲೋ ರಿಪೇರಿ ಮಾಡುವವರಿದ್ದಾರೆಯೇ, ಕೊರಿಯರ್‌ನಲ್ಲಿ ಕಳಿಸಬೇಕೇ ಎಂದು ಬಿಲ್ ಬರೆಸುವ ಮೊದಲೇ ಕೇಳಿ.