ವರ್ಡ್‌ಪ್ರೆಸ್ ಲಾಗಿನ್‌ಗೆ ಯಾವ ಬೀಗ? ಎಲ್ಲ ಹಾಕಿ ನೋಡಿ ನಾನು ಉಳಿಸಿಕೊಂಡಿದ್ದು ಇದು

ಮೊದಲೇ ಹೇಳಿಬಿಡುತ್ತೇನೆ, ವೆಬ್‌ಸೈಟ್ ನಡೆಸುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್‌ನ ಲಾಗಿನ್ ಕಾಯಲು ನನ್ನ ಓಟು ಅಥೆಂಟಿಕೇಟರ್ ಆ್ಯಪ್‌ಗೆ. ಪಾಸ್‌ವರ್ಡ್ ಆದಮೇಲೆ ಫೋನ್ ನೋಡಿ 6 ಅಂಕಿಯ ಕೋಡ್ ಹಾಕುತ್ತೇವಲ್ಲ, ಅದು. ಇದಕ್ಕೆ ಬರುವ ಮುಂಚೆ ಲಾಗಿನ್ ಪುಟದ ವಿಳಾಸ ಬಚ್ಚಿಟ್ಟು ನೋಡಿದೆ, ಇಮೇಲ್ ಕೋಡ್ ನೋಡಿದೆ, ಗಾಬರಿಯಲ್ಲಿ 5 ಸಾವಿರಕ್ಕಿಂತ ಜಾಸ್ತಿ ಕೊಟ್ಟು ಒಂದು ಹಾರ್ಡ್‌ವೇರ್ ಕೀ (ಯುಎಸ್‌ಬಿಗೆ ಚುಚ್ಚಿ ಲಾಗಿನ್ ಆಗುವ ಪುಟ್ಟ ಸಾಧನ) ಕೂಡ ತಂದೆ.

ಗಾಬರಿ ಯಾಕೆ ಅಂದರೆ, ಸೈಟಿಗೆ ಯಾರೋ ನುಗ್ಗಿದ್ದರು. ಸೈಟ್ ನಮ್ಮ ಅತ್ತಿಗೆಯದು. ಸಾಗರದ ಹತ್ತಿರ ಹಳ್ಳಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡುತ್ತಾರೆ, ವರ್ಡ್‌ಪ್ರೆಸ್‌ಗೆ ಅಂಗಡಿ ಸೇರಿಸುವ ವೂಕಾಮರ್ಸ್ ಮೇಲೆ ಆರ್ಡರ್ ಬರುತ್ತದೆ, ಸೈಟ್ ನೋಡಿಕೊಳ್ಳುವುದು ನಾನು. ಮಿಡಿ ಸೀಸನ್ ಜೋರಾಗಿದ್ದಾಗ ಒಬ್ಬ ಗಿರಾಕಿ ಫೋನ್ ಮಾಡಿ, ನಿಮ್ಮ ಸೈಟ್ ಒತ್ತಿದರೆ ಜೂಜಿನ ಪುಟ ಬರುತ್ತಿದೆ ಅಂದರು. ನಾನು ಲ್ಯಾಪ್‌ಟಾಪಿನಲ್ಲಿ ತೆರೆದೆ, ಸರಿಯಾಗೇ ಇತ್ತು. ಫೋನಿನಲ್ಲಿ ಗೂಗಲ್‌ನಲ್ಲಿ ಹುಡುಕಿ ಅಲ್ಲಿಂದ ಒತ್ತಿದಾಗ ಮಾತ್ರ ಜೂಜಿಗೆ ಹೋಗುತ್ತಿತ್ತು. ಮಾಲೀಕರ ಕಣ್ಣಿಗೆ ಬೀಳಬಾರದು ಅಂತಲೇ ಹಾಗೆ ಮಾಡಿರುತ್ತಾರೆ. ಡ್ಯಾಶ್‌ಬೋರ್ಡಿನ ಯೂಸರ್ ಪಟ್ಟಿ ತೆಗೆದರೆ, ನಾನು, ಅತ್ತಿಗೆ, ಮತ್ತೆ ನಮಗೆ ಗೊತ್ತೇ ಇಲ್ಲದ ಮೂರನೇ ಅಡ್ಮಿನಿಸ್ಟ್ರೇಟರ್! ನನ್ನ ಯೂಸರ್‌ನೇಮ್ ‘ಅಡ್ಮಿನ್’, ಪಾಸ್‌ವರ್ಡ್ ಅಂಗಡಿ ಹೆಸರಿನ ಮುಂದೆ 2019. ಅದೇ ಪಾಸ್‌ವರ್ಡ್ ಇನ್ನೂ ಎರಡು ಕಡೆ ಇತ್ತು. ಹಳೆ ಬ್ಯಾಕಪ್ ಹಾಕಿ, ಪಾಸ್‌ವರ್ಡ್ ಎಲ್ಲ ಬದಲಿಸಿ ಮತ್ತೆ ಆರ್ಡರ್ ಶುರು ಮಾಡುವ ಹೊತ್ತಿಗೆ ಮೂರು ದಿನ ಹೋಗಿತ್ತು.

ಲಾಗಿನ್ ವಿಳಾಸ ಬಚ್ಚಿಡುವ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಪುಟ್ಟ ಸಾಫ್ಟ್‌ವೇರ್) ಹಾಕಿದ್ದು ಮೊದಲು. ಎಲ್ಲ ವರ್ಡ್‌ಪ್ರೆಸ್ ಸೈಟಿಗೂ ಒಂದೇ ಲಾಗಿನ್ ಪುಟ, ಡಬ್ಲ್ಯೂಪಿ-ಲಾಗಿನ್. ಅದನ್ನು ನಮಗೆ ಬೇಕಾದ ಹೆಸರಿಗೆ ಬದಲಿಸಬಹುದು. ಲಾಗ್‌ನಲ್ಲಿ ಬೀಳುತ್ತಿದ್ದ ಸುಳ್ಳು ಪ್ರಯತ್ನಗಳು ಒಂದೇ ದಿನಕ್ಕೆ ಇಳಿದವು, ಖುಷಿಯಾಯಿತು. ಆದರೆ ಹಿತ್ತಲ ಬಾಗಿಲು ಹಾಗೇ ಇತ್ತು. ಎಕ್ಸ್‌ಎಂಎಲ್-ಆರ್‌ಪಿಸಿ ಅನ್ನುವ ಹಳೇ ಫೈಲ್ ಮೂಲಕವೂ ಪಾಸ್‌ವರ್ಡ್ ಹಾಕಿ ನೋಡಬಹುದು, ಅದನ್ನು ಬೇರೆ ಮುಚ್ಚಬೇಕು. ಪೋಸ್ಟ್ ಬರೆದವರ ಯೂಸರ್‌ನೇಮ್ ಕೂಡ ಸುಲಭವಾಗಿ ಹೊರಗೆ ಕಾಣುತ್ತದೆ. ಹಾಗಾಗಿ ಇದು ಬಾಗಿಲಿಗೆ ಪರದೆ ಹಾಕಿದ ಹಾಗೆ ಅಷ್ಟೇ. ಇರಲಿ, ಆದರೆ ಇದೊಂದನ್ನೇ ನಂಬಬೇಡಿ.

ಎಸ್ಸೆಮ್ಮೆಸ್ ಓಟಿಪಿ ನಮಗೆ ಆಗದ ಮಾತು. ಅತ್ತಿಗೆ ಮನೆಯಲ್ಲಿ ಫೈಬರ್ ವೈಫೈ ಇದೆ, ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಅದೂ ಅಲ್ಲದೆ ಇಲ್ಲಿ ಎಸ್ಸೆಮ್ಮೆಸ್ ಕಳಿಸುವ ಅಂಗಡಿಯವರು ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದ ಪ್ರಕಾರ ಡಿಎಲ್‌ಟಿ ಅನ್ನುವ ವೇದಿಕೆಯಲ್ಲಿ ನೋಂದಣಿ ಮಾಡಿಸಿ, ಕಳಿಸುವ ಸಂದೇಶದ ಮಾದರಿಗೂ ಒಪ್ಪಿಗೆ ತಗೊಳ್ಳಬೇಕು. ಇಬ್ಬರ ಲಾಗಿನ್‌ಗೆ ಅಷ್ಟೆಲ್ಲ ಯಾಕೆ ಅಲ್ವಾ?

ಇಮೇಲ್ ಕೋಡ್ ಪುಕ್ಕಟೆ, ಏನೂ ಕಲಿಯಬೇಕಿಲ್ಲ, ಅತ್ತಿಗೆಗೆ ಮೊದಲ ವಾರ ಇದೇ ಇಷ್ಟವಾಗಿತ್ತು. ಒಂದು ದಿನ ಸೈಟಿನಿಂದ ಹೋಗುವ ಮೇಲ್ ಎಲ್ಲ ನಿಂತವು. ಆರ್ಡರ್ ಮೇಲ್ ಇಲ್ಲ, ಲಾಗಿನ್ ಕೋಡೂ ಇಲ್ಲ. ಮೇಲ್ ಸರಿಮಾಡಲು ಡ್ಯಾಶ್‌ಬೋರ್ಡ್ ಒಳಗೆ ಹೋಗಬೇಕು, ಒಳಗೆ ಹೋಗಲು ಮೇಲ್ ಬರಬೇಕು. ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ಪಾಸ್‌ವರ್ಡ್ ಮರೆತರೆ ರೀಸೆಟ್ ಲಿಂಕ್ ಬರುವುದೂ ಅದೇ ಮೇಲ್‌ಗೆ. ಮೇಲ್ ಯಾರ ಕೈಗೆ ಸಿಕ್ಕಿತೋ ಅವರಿಗೆ ಎರಡೂ ಬೀಗದ ಕೀ ಸಿಕ್ಕ ಹಾಗೆ. ಅಲ್ಲಿಗೆ ಅದನ್ನು ಬಿಟ್ಟೆ.

ಈಗ ಆ್ಯಪ್. ‘ಟೂ ಫ್ಯಾಕ್ಟರ್’ ಅಂತ ಒಂದು ಉಚಿತ ಪ್ಲಗಿನ್ ಇದೆ, ಅದನ್ನು ಹಾಕಿ ಪ್ರೊಫೈಲ್ ಪುಟದಲ್ಲಿ ಬರುವ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಮುಗಿಯಿತು. ನಾನು ಬಳಸುವ ಆ್ಯಪ್ ಏಜಿಸ್, ಅತ್ತಿಗೆ ಫೋನಿನಲ್ಲಿ ಗೂಗಲ್ ಅಥೆಂಟಿಕೇಟರ್. ಸಿಗ್ನಲ್ ಬೇಡ, ಇಂಟರ್ನೆಟ್ಟೂ ಬೇಡ. ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಬೆಳಗ್ಗೆ ಅತ್ತಿಗೆ ವಾಟ್ಸ್‌ಆ್ಯಪ್ ಕಾಲ್ ಮಾಡಿದರು: "ಆರು ಸಲ ಹಾಕಿದೆ ಕಣೋ, ಆರು ಸಲವೂ ತಪ್ಪು ಅಂತಿದೆ. ಮತ್ತೆ ಯಾರಾದ್ರೂ ನುಗ್ಗಿದ್ರಾ ನೋಡು."

ನನಗೂ ಎದೆ ಹೊಡೆದುಕೊಂಡಿತು. ಯೂಸರ್ ಪಟ್ಟಿ ನೋಡಿದೆ, ಇಬ್ಬರೇ ಇದ್ದೆವು. ನನ್ನ ಕೋಡ್ ಸರಿಯಾಗೇ ಕೆಲಸ ಮಾಡುತ್ತಿತ್ತು. ಪ್ಲಗಿನ್ ಅಪ್‌ಡೇಟ್ ಕೆಟ್ಟಿರಬೇಕು ಅಂದುಕೊಂಡು ಹಳೇ ಆವೃತ್ತಿಗೆ ಹೋದೆ, ಆಗಲಿಲ್ಲ. ಸರ್ವರ್ ಮೇಲೆ ಅನುಮಾನ ಪಟ್ಟೆ, ಸೈಟಿಗೆ ಸರ್ವರ್ ಕೊಡುವ ಹೋಸ್ಟಿಂಗ್‌ನವರಿಗೆ ದೂರಿನ ಟಿಕೆಟ್ ಹಾಕಿದೆ, ಅವರದ್ದೇನೂ ತಪ್ಪಿರಲಿಲ್ಲ. ಕೊನೆಗೆ ಶನಿವಾರ ಊರಿಗೇ ಹೋದೆ. ಬರೆದಿಟ್ಟಿದ್ದ ಒಂದು ಬ್ಯಾಕಪ್ ಕೋಡ್ (ಆ್ಯಪ್ ಕೈಕೊಟ್ಟಾಗ ಬಳಸುವ, ಒಂದೇ ಸಲ ನಡೆಯುವ ಕೋಡ್) ಹಾಕಿ ಅತ್ತಿಗೆಯ ಖಾತೆ ತೆರೆದು, ಹೊಸ ಕ್ಯೂಆರ್ ತೆಗೆದು, ಅದನ್ನೇ ಎರಡೂ ಫೋನಿನಲ್ಲಿ ಸ್ಕ್ಯಾನ್ ಮಾಡಿ ಅಡುಗೆಮನೆ ಕಟ್ಟೆ ಮೇಲೆ ಪಕ್ಕಪಕ್ಕ ಇಟ್ಟೆ. ಒಂದೇ ಕ್ಯೂಆರ್, ಕೋಡ್ ಮಾತ್ರ ಬೇರೆ ಬೇರೆ. ಅತ್ತಿಗೆ ಫೋನಿನ ಕೋಡನ್ನು ಅಲ್ಲೇ ಬಿದ್ದಿದ್ದ ಬಾಟಲಿ ಲೇಬಲ್ಲಿನ ಹಿಂದೆ ಬರೆದಿಟ್ಟೆ. ನಾಲ್ಕು ನಿಮಿಷ ಕಳೆದು ಅದೇ 6 ಅಂಕಿ ನನ್ನ ಫೋನಿನಲ್ಲಿ ಬಂತು!

ಆಗ ಗಡಿಯಾರ ನೋಡಿದೆ. ನನ್ನದು 11:42, ಅವರದು 11:46. ಅಣ್ಣನ ಮಗ ಯಾವುದೋ ಗೇಮಿನಲ್ಲಿ ಲೈಫ್ ಬೇಗ ಸಿಗಲಿ ಅಂತ ಫೋನಿನ ಸಮಯ ಮುಂದೆ ಹಾಕಿದ್ದ, ಆಮೇಲೆ ಗೋಡೆ ಗಡಿಯಾರ ನೋಡಿ ಕೈಯಲ್ಲೇ ವಾಪಸ್ ಇಟ್ಟಿದ್ದ. ಗೋಡೆ ಗಡಿಯಾರ ನಾಲ್ಕು ನಿಮಿಷ ಮುಂದೆ. ಈ ಆ್ಯಪ್ ನಡೆಯುವುದೇ ಸಮಯದ ಮೇಲೆ. ಕ್ಯೂಆರ್‌ನಲ್ಲಿರುವ ಗುಟ್ಟಿನ ಸಂಖ್ಯೆ ಮತ್ತು ಈಗಿನ ಸಮಯ, ಎರಡನ್ನೂ ಸೇರಿಸಿ ಫೋನ್ ಲೆಕ್ಕ ಮಾಡುತ್ತದೆ, ಸರ್ವರ್ ಕೂಡ ಅದೇ ಲೆಕ್ಕ ಮಾಡುತ್ತದೆ, ಉತ್ತರ ತಾಳೆಯಾದರೆ ಒಳಗೆ ಬಿಡುತ್ತದೆ. ಲೆಕ್ಕ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಅರ್ಧ ನಿಮಿಷದ ವ್ಯತ್ಯಾಸವನ್ನು ಸರ್ವರ್ ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ, ನಾಲ್ಕು ನಿಮಿಷವನ್ನಲ್ಲ. ಫೋನ್ ಸೆಟ್ಟಿಂಗ್ಸ್‌ನಲ್ಲಿ ಸಮಯವನ್ನು ಆಟೋಮ್ಯಾಟಿಕ್ ಮಾಡಿದೆ, ಮರುಕ್ಷಣ ಎರಡೂ ಫೋನಿನಲ್ಲಿ ಒಂದೇ ಕೋಡ್. ನಿಮಗೂ ಕೋಡ್ ಸುಮ್ನೆ ತಪ್ಪು ಅಂತ ಬರುತ್ತಿದ್ದರೆ ಮೊದಲು ಗಡಿಯಾರ ನೋಡಿ, ನನ್ನ ಹಾಗೆ ಪ್ಲಗಿನ್ ಕಿತ್ತು ಹಾಕಬೇಡಿ.

ಹಾರ್ಡ್‌ವೇರ್ ಕೀ ಬಗ್ಗೆ ನ್ಯಾಯವಾಗಿ ಹೇಳಬೇಕು. ಭದ್ರತೆ ಅಂತ ಬಂದರೆ ಇದೇ ಮೇಲು. ನಕಲಿ ಲಾಗಿನ್ ಪುಟಕ್ಕೆ ನಾವು ಮೋಸ ಹೋಗಿ ಆ್ಯಪ್‌ನ ಕೋಡ್ ಹಾಕಿಬಿಡಬಹುದು, ಕೀ ಹಾಗೆ ಮೋಸ ಹೋಗುವುದಿಲ್ಲ. ಸೈಟಿನ ನಿಜವಾದ ವಿಳಾಸಕ್ಕೆ ಮಾತ್ರ ಅದು ಉತ್ತರ ಕೊಡುತ್ತದೆ. ಫೋನಿನಲ್ಲೇ ಬೆರಳಚ್ಚು ಕೊಟ್ಟು ಬಳಸುವ ಪಾಸ್‌ಕೀಗೂ ಇದೇ ಗುಣ ಇದೆ. ಆದರೆ ನಾನು ತಂದ ಕೀ ಟೈಪ್-ಸಿ, ಅತ್ತಿಗೆಯ ಕಂಪ್ಯೂಟರಿನಲ್ಲಿರುವುದು ಹಳೇ ಅಗಲದ ಯುಎಸ್‌ಬಿ. ಒಂದು ಕಳೆದರೆ ಇನ್ನೊಂದು ಇರಬೇಕು, ಅಂದರೆ ಇಬ್ಬರಿಗೆ ನಾಲ್ಕು ಕೀ, 20 ಸಾವಿರಕ್ಕಿಂತ ಜಾಸ್ತಿ. ವರ್ಡ್‌ಪ್ರೆಸ್ ತಾನಾಗಿ ಇದನ್ನು ಕೇಳುವುದಿಲ್ಲ, ಅದಕ್ಕೂ ಒಂದು ಪ್ಲಗಿನ್ ಬೇಕು. ಆ ಕೀ ಈಗ ನನ್ನ ಜಿಮೇಲ್ ಕಾಯುತ್ತಿದೆ, ಅಲ್ಲಿಗೆ ಅದು ಸರಿಯಾದ ಕೆಲಸ.

ನಕಲಿ ಪುಟದ ಅಪಾಯಕ್ಕೆ ನನ್ನ ಉತ್ತರ ಅಭ್ಯಾಸ. ಮೇಲ್‌ನಲ್ಲಿ ಬಂದ ಲಿಂಕ್ ಒತ್ತಿ ಎಂದೂ ಲಾಗಿನ್ ಆಗುವುದಿಲ್ಲ, ಬುಕ್‌ಮಾರ್ಕ್ ಒಂದೇ ದಾರಿ. ಪಾಸ್‌ವರ್ಡ್ ತುಂಬುವುದು ಬಿಟ್‌ವಾರ್ಡನ್ ಅನ್ನುವ ಪಾಸ್‌ವರ್ಡ್ ಮ್ಯಾನೇಜರ್, ವಿಳಾಸ ಬೇರೆಯಿದ್ದರೆ ಅದು ತಾನಾಗಿ ತುಂಬುವುದಿಲ್ಲ, ಅಲ್ಲೇ ಎಚ್ಚರವಾಗುತ್ತದೆ. ಅತ್ತಿಗೆಯ ಖಾತೆಯನ್ನು ಅಡ್ಮಿನಿಸ್ಟ್ರೇಟರ್‌ನಿಂದ ಇಳಿಸಿ ಶಾಪ್ ಮ್ಯಾನೇಜರ್ ಮಾಡಿದ್ದೇನೆ, ಆರ್ಡರ್ ನೋಡಲು ಅದು ಸಾಕು. ಹತ್ತಾರು ಜನ ಲಾಗಿನ್ ಆಗುವ ದೊಡ್ಡ ಸೈಟ್ ನಿಮ್ಮದಾದರೆ ದುಡ್ಡು ಹಾಕಿ ಕೀ ತಗೊಳ್ಳಿ, ಆಗ ಅದು ಜಾಸ್ತಿ ಅನ್ನಿಸುವುದಿಲ್ಲ. ನಮ್ಮಂಥ ಇಬ್ಬರ ಅಂಗಡಿಗೆ ಆ್ಯಪ್ ಸಾಕು.

ಒಂದು ಕೆಲಸ ಮಾತ್ರ ಮುಂದೂಡಬೇಡಿ. ಆ್ಯಪ್ ಹಾಕಿದ ದಿನವೇ ಬ್ಯಾಕಪ್ ಕೋಡ್ ತೆಗೆದು ಕಾಗದದ ಮೇಲೆ ಬರೆದಿಡಿ. ಫೋನೂ ಹೋಗಿ ಕಾಗದವೂ ಹೋದರೆ, ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್‌ಗೆ ಹೋಗಿ ಆ ಪ್ಲಗಿನ್ ಫೋಲ್ಡರಿನ ಹೆಸರು ಬದಲಿಸಿದರೆ ಬೀಗ ಬಿಚ್ಚುತ್ತದೆ. ನಿಮಗೆ ಬಿಚ್ಚುವ ದಾರಿ ಕಳ್ಳನಿಗೂ ಬಿಚ್ಚುತ್ತದೆ, ಹಾಗಾಗಿ ಹೋಸ್ಟಿಂಗ್ ಖಾತೆಗೂ ಇದೇ ಆ್ಯಪ್ ಕೋಡ್ ಹಾಕಿಸಿದ್ದೇನೆ. ಅತ್ತಿಗೆಯ ಕಾಗದ ಬೀರುವಿನಲ್ಲಿ ತೋಟದ ಪತ್ರಗಳ ಜೊತೆ ಇದೆ. ಹತ್ತು ಕೋಡ್‌ನಲ್ಲಿ ಒಂದು ಖರ್ಚಾಗಿದೆ, ಅದರ ಮೇಲೆ ಅತ್ತಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆದಿದ್ದಾರೆ.