ವಿದೇಶದ ಉಚಿತ ಕೀಲು ಬದಲಾವಣೆ ಶಿಬಿರದಲ್ಲಿ ಒಂದು ವಾರ: ಫಿಸಿಯೋಥೆರಪಿಸ್ಟ್ ಕಂಡಂತೆ

ಹಣವಿಲ್ಲದ ರೋಗಿಗಳಿಗೆ ವಿದೇಶದಲ್ಲಿ ಉಚಿತವಾಗಿ ಮಂಡಿ ಮತ್ತು ಸೊಂಟದ ಕೀಲು ಬದಲಾಯಿಸಿಕೊಡುವ ವೈದ್ಯಕೀಯ ತಂಡವೊಂದರಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿ ಒಂದು ವಾರ ಸ್ವಯಂಸೇವೆ ಮಾಡಿ ಬಂದೆ. ಇಂಥ ತಂಡಕ್ಕೆ ಹೆಸರು ಕೊಡಲು ಯೋಚಿಸುತ್ತಿರುವವರಿಗೆ ನೆರವಾಗಲೆಂದು, ಅಲ್ಲಿ ನನಗೆ ಮೆಚ್ಚುಗೆಯಾದದ್ದನ್ನೂ ಸರಿಕಾಣದ್ದನ್ನೂ ಬರೆಯುತ್ತಿದ್ದೇನೆ. ಈ ಬಗೆಯ ಸೇವೆಯಲ್ಲಿ ಮೊದಲಿಗೆ ನೆನಪಾಗುವ ಹೆಸರು ಲಾಸ್ ಏಂಜಲೀಸ್‌ನ ಶಸ್ತ್ರಚಿಕಿತ್ಸಕ ಲಾರೆನ್ಸ್ ಡಾರ್ 1990ರ ದಶಕದಲ್ಲಿ ಆರಂಭಿಸಿದ ಆಪರೇಷನ್ ವಾಕ್. ನಾನು ಹೋದದ್ದು ಬೇರೊಂದು ತಂಡದ ಜೊತೆಗಾದರೂ ಕ್ರಮ ಹೆಚ್ಚುಕಡಿಮೆ ಅದೇ: ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು, ನರ್ಸ್‌ಗಳು, ಉಪಕರಣ ಮತ್ತು ದಾನವಾಗಿ ಬಂದ ಇಂಪ್ಲಾಂಟ್‌ಗಳು (ಒಳಗೆ ಕೂರಿಸುವ ಕೃತಕ ಕೀಲುಗಳು) ಒಟ್ಟಾಗಿ ಹೋಗಿ, ಅಲ್ಲಿನ ಆಸ್ಪತ್ರೆಯ ಥಿಯೇಟರ್‌ಗಳಲ್ಲಿ ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಕೆಲಸ ಮಾಡುತ್ತವೆ.

ನಾನು ಅತಿ ಹೆಚ್ಚು ಅಂಕ ಕೊಡುವುದು ಮೊದಲ ದಿನದ ರೋಗಿಗಳ ಆಯ್ಕೆಗೆ. ಎಕ್ಸ್‌-ರೇ ಕವರನ್ನು ಎದೆಗವಚಿಕೊಂಡು ಸಾಲಿನಲ್ಲಿ ಕುಳಿತವರಲ್ಲಿ ಹಲವರ ಕಾಲುಗಳು ಬಿಲ್ಲಿನಂತೆ ಬಾಗಿದ್ದವು. ಅವರಲ್ಲೊಬ್ಬ ಹೆಂಗಸಿನ ಮೊಣಕಾಲಿನ ಕೆಳಗೆ ಹೆಬ್ಬೆರಳಿನ ಉಗುರಿನಷ್ಟು ಅಗಲದ, ಮಾಯದ ಹುಣ್ಣೊಂದಿತ್ತು. ಆಕೆ ಎಷ್ಟು ದೂರದಿಂದ ಬಂದಿದ್ದರೂ ಹಿರಿಯ ಶಸ್ತ್ರಚಿಕಿತ್ಸಕರು ಈ ಬಾರಿ ಆಗದು ಎಂದರು. ಆ ಕ್ಷಣದಲ್ಲಿ ನನಗೆ ಅದು ಕಟುವಾಗಿ ಕಂಡಿತ್ತು. ಆದರೆ ಹುಣ್ಣಿನಿಂದಲೋ ಹುಳುಕು ಹಲ್ಲಿನಿಂದಲೋ ಹೊರಟ ಸೋಂಕು ಕೃತಕ ಕೀಲಿನ ಮೇಲೆ ನೆಲೆಯೂರಿತೆಂದರೆ ಬರೀ ಔಷಧಿಯಿಂದ ಅದನ್ನು ನಿವಾರಿಸುವುದು ಬಹಳ ಕಷ್ಟ. ಎಷ್ಟೋ ಬಾರಿ ಹಾಕಿದ ಕೀಲನ್ನೇ ಹೊರತೆಗೆಯಬೇಕಾಗುತ್ತದೆ, ಆ ಹೊತ್ತಿಗೆ ತಂಡ ಊರು ಬಿಟ್ಟಿರುತ್ತದೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯವರನ್ನೂ ಇದೇ ಕಾರಣಕ್ಕೆ ಮುಂದಕ್ಕೆ ಹಾಕಿದರು. ಎಷ್ಟು ಮಂದಿಗೆ ಆಪರೇಷನ್ ಆಯಿತು ಎಂಬ ಲೆಕ್ಕಕ್ಕೆ ಆಸೆಪಡದೆ ಹೀಗೆ ಬೇಡವೆನ್ನಬಲ್ಲ ತಂಡವನ್ನೇ ನಾನು ನಂಬುತ್ತೇನೆ.

ಥಿಯೇಟರಿನ ಶಿಸ್ತಿನ ಬಗ್ಗೆ ನನಗೆ ದೂರಿಲ್ಲ. ರೋಗಿಯ ಹೆಸರು, ಯಾವ ಕಾಲು, ಆಂಟಿಬಯಾಟಿಕ್ ಕೊಟ್ಟಾಯಿತೇ ಎಂಬುದನ್ನು ಪ್ರತಿ ಬಾರಿಯೂ ಗಟ್ಟಿಯಾಗಿ ಓದಿ ಖಚಿತಪಡಿಸಿಕೊಂಡ ಮೇಲೆಯೇ ಚರ್ಮಕ್ಕೆ ಕತ್ತಿ ತಾಗುತ್ತಿತ್ತು.

ನನ್ನ ಕೆಲಸ ಶುರುವಾಗುತ್ತಿದ್ದದ್ದು ವಾರ್ಡಿನಲ್ಲಿ. ಸೊಂಟದ ಕೆಳಗಿನ ಮರಗಟ್ಟುವಿಕೆ ಇಳಿದ ಮೇಲೆ, ಸಾಧ್ಯವಿದ್ದವರನ್ನು ಅದೇ ದಿನ, ಉಳಿದವರನ್ನು ಮರುದಿನ ಎದ್ದು ನಿಲ್ಲಿಸುತ್ತಿದ್ದೆವು. ಎರಡೂ ಮಂಡಿ ಬದಲಾಯಿಸಿಕೊಂಡ ಒಬ್ಬ ಹಿರಿಯರಿಗೆ ಆಪರೇಷನ್ನಿನ ಮುನ್ನಾದಿನವೇ ವಾಕರಿನ ಎತ್ತರ ಹೊಂದಿಸಿಟ್ಟಿದ್ದೆ. ಮರುದಿನ ಎದ್ದು ನಿಂತಾಗ ಅದು ಅವರಿಗೆ ಗಿಡ್ಡವಾಯಿತು. ವರ್ಷಗಟ್ಟಲೆ ಬಾಗಿದ್ದ ಕಾಲುಗಳು ನೆಟ್ಟಗಾಗಿದ್ದವು. ವಾಕರಿನ ನಾಲ್ಕೂ ಕಾಲುಗಳನ್ನು ಒಂದೊಂದು ರಂಧ್ರ ಮೇಲಕ್ಕೆ ಏರಿಸಬೇಕಾಯಿತು. ಅವರು ಕೆಳಗೆ ತಮ್ಮ ಪಾದಗಳನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದರು, ನಾನೂ ಅವಸರ ಮಾಡಲಿಲ್ಲ.

ಕೊರತೆಗಳೂ ಇಲ್ಲಿಯೇ ಇದ್ದವು. ಅಷ್ಟು ರೋಗಿಗಳಿಗೆ ನಾವಿದ್ದದ್ದು ಇಬ್ಬರೇ ಫಿಸಿಯೋಥೆರಪಿಸ್ಟ್‌ಗಳು, ಸಂಜೆಯ ಮೇಲೆ ದುಭಾಷಿಗಳಿಲ್ಲ. ನೋವು ಕಡಿಮೆಯಾಗಲಿ ಎಂದು ಮನೆಯವರು ಪ್ರೀತಿಯಿಂದ ಮಂಡಿಯ ಕೆಳಗೆ ದಿಂಬಿಡುತ್ತಾರೆ; ಹಾಗೇ ಬಿಟ್ಟರೆ ಮಂಡಿ ಪೂರ್ತಿ ನೆಟ್ಟಗಾಗದೆ ಉಳಿದುಬಿಡುತ್ತದೆ, ದಿಂಬು ಹಿಮ್ಮಡಿಯ ಕೆಳಗಿರಬೇಕು. ಇಷ್ಟನ್ನು ಹೇಳಲು ಭಾಷೆಯಿಲ್ಲದೆ ರಾತ್ರಿ ಹಾಸಿಗೆಯಿಂದ ಹಾಸಿಗೆಗೆ ಹೋಗಿ ದಿಂಬು ಸರಿಸಿದ್ದೇನೆ. ಮನೆಗೆ ಒಯ್ಯಬೇಕಾದ ವ್ಯಾಯಾಮದ ಹಾಳೆಗಳು ಅಲ್ಲಿನ ಭಾಷೆಯಲ್ಲಿರದೆ ತಂಡದ ಭಾಷೆಯಲ್ಲಿದ್ದವು. ಇನ್ನೊಂದು ಸಂಗತಿ ಕೊನೆಯ ದಿನ ಹೊರಬಿತ್ತು. ಗಾಯಗಳಿಗೆ ಲೋಹದ ಸ್ಟೇಪಲ್ ಹಾಕಿದ್ದೆವು, ಅವನ್ನು ಸುಮಾರು ಎರಡು ವಾರಗಳ ನಂತರ ತೆಗೆಯಬೇಕು, ಆದರೆ ತೆಗೆಯುವ ಸಾಧನಗಳನ್ನು ವಾಪಸು ಹೊರಡುವ ಪೆಟ್ಟಿಗೆಗಳಿಗೆ ತುಂಬಿಬಿಟ್ಟಿದ್ದರು. ಅಲ್ಲಿನ ನರ್ಸ್ ಒಬ್ಬರು ಕೇಳದಿದ್ದರೆ ನಮಗಾರಿಗೂ ಅದು ಹೊಳೆಯುತ್ತಿರಲಿಲ್ಲ. ಟೇಪು ಸುತ್ತಿದ್ದ ಪೆಟ್ಟಿಗೆಗಳನ್ನು ಬಿಚ್ಚಿ ಹುಡುಕಿಕೊಟ್ಟೆವು. ಆಪರೇಷನ್ನಿಗೆ ಪಟ್ಟ ಕಾಳಜಿಯಲ್ಲಿ ಅರ್ಧದಷ್ಟನ್ನಾದರೂ ಅದರ ನಂತರದ ಆರು ವಾರಗಳಿಗೆ ಪಡಬೇಕಿತ್ತೆಂದು ನನಗೆ ಅನ್ನಿಸಿದ್ದು ಆಗಲೇ.

ಹೋಗಬೇಕೆನ್ನುವವರು ಪ್ರಯಾಣದ ಖರ್ಚು ಯಾರದು, ಆ ದೇಶದಲ್ಲಿ ಕೆಲಸ ಮಾಡಲು ತಾತ್ಕಾಲಿಕ ನೋಂದಣಿ ಬೇಕೇ ಎಂಬುದನ್ನು ಮೊದಲೇ ವಿಚಾರಿಸಿ, ಹೆಪಟೈಟಿಸ್ ಬಿ ಲಸಿಕೆ ಪೂರ್ತಿಯಾಗಿದೆಯೇ ನೋಡಿಕೊಳ್ಳಿ. ವೈದ್ಯಕೀಯ ತರಬೇತಿ ಇಲ್ಲದವರಿಗೂ ದಾಖಲೆ ಬರೆಯುವುದು, ಇಂಪ್ಲಾಂಟ್ ಪೆಟ್ಟಿಗೆಗಳನ್ನು ಅಳತೆವಾರು ಜೋಡಿಸುವುದು, ಸ್ಟ್ರೆಚರ್ ತಳ್ಳುವುದು ಎಂದು ಕೈತುಂಬ ಕೆಲಸವಿರುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ತಂಡ ಹೊರಟ ಮೇಲೆ ಸೋಂಕಾದರೆ ಆ ರೋಗಿಯನ್ನು ಯಾವ ವೈದ್ಯರು ನೋಡುತ್ತಾರೆ ಎಂದು ಕೇಳಿ, ಉತ್ತರ ತಡವರಿಸಿದರೆ ಬೇರೆ ತಂಡ ನೋಡಿಕೊಳ್ಳಿ. ನಮ್ಮ ತಂಡಕ್ಕೆ ನಾನು ಇದನ್ನೆಲ್ಲ ಬರೆದು ಕೊಟ್ಟೆ. ಮುಂದಿನ ಪ್ರವಾಸಕ್ಕೆ ವ್ಯಾಯಾಮದ ಹಾಳೆಗಳು ಈಗಾಗಲೇ ಅಲ್ಲಿನ ಭಾಷೆಯಲ್ಲಿ ಅಚ್ಚಾಗಿವೆ, ಅಲ್ಲಿಯ ಆಸ್ಪತ್ರೆಯ ಇಬ್ಬರು ಫಿಸಿಯೋಥೆರಪಿಸ್ಟ್‌ಗಳು ಮೊದಲ ದಿನದಿಂದಲೇ ನಮ್ಮ ಜೊತೆ ವಾರ್ಡಿನಲ್ಲಿರುತ್ತಾರೆ. ನಾನು ಮತ್ತೆ ಹೆಸರು ಕೊಟ್ಟಿದ್ದೇನೆ.