ಮನೆಗೇ ಬರುವ ಫಿಸಿಯೋಥೆರಪಿ: ಹಾಸನದಲ್ಲಿ ನಮ್ಮ ಅನುಭವ

ಮೋಟಾರ್ ನ್ಯೂರಾನ್ ಕಾಯಿಲೆಯಿರುವ ನಮ್ಮ ತಂದೆಯವರಿಗಾಗಿ ಹಾಸನದ ಕುವೆಂಪುನಗರದ ಮನೆಗೆ ಆರು ತಿಂಗಳಿಂದ ಕರೆಸಿಕೊಳ್ಳುತ್ತಿರುವ ಫಿಸಿಯೋಥೆರಪಿ ಸೇವೆಯ ಕುರಿತು ಬರೆಯುತ್ತಿದ್ದೇನೆ. ಈ ಕಾಯಿಲೆಯು ಸ್ನಾಯುಗಳನ್ನು ನಡೆಸುವ ನರಕೋಶಗಳನ್ನು ಕೆಡಿಸುತ್ತದೆಯೇ ಹೊರತು ಸ್ಪರ್ಶಜ್ಞಾನವನ್ನು ಸಾಮಾನ್ಯವಾಗಿ ಕಸಿಯುವುದಿಲ್ಲವಾದ್ದರಿಂದ, ಅಲುಗಾಡಲಾಗದ ಮೈಯ ನೋವೆಲ್ಲವೂ ರೋಗಿಗೆ ತಿಳಿಯುತ್ತದೆ. ‘ಲಕ್ವದ ಹಾಗೆ, ನೋವೇನೂ ಇರದು’ ಎಂದು ನೆಂಟರು ಹೇಳಿದ್ದನ್ನು ನಾವೂ ಬಹಳ ದಿನ ನಂಬಿದ್ದೆವು. ಚಿಕಿತ್ಸಕಿಯವರು ಮೊದಲ ದಿನವೇ ನೋವಿನ ಮೂಲಗಳನ್ನು ಬೇರ್ಪಡಿಸಿ ತೋರಿಸಿದರು: ಮೀನಖಂಡದಲ್ಲಿ ಹಿಡಿಯುವ ಸೆಳೆತ ಬೇರೆ, ಸ್ನಾಯುಗಳ ಬಿಗಿತ ಬೇರೆ, ಜೋತುಬಿದ್ದ ತೋಳಿನ ಭಾರಕ್ಕೆ ಭುಜದ ಕೀಲು ನೋಯುವುದೇ ಬೇರೆ. ಎಬ್ಬಿಸುವಾಗ ಕೈಹಿಡಿದು ಎಳೆಯುತ್ತಿದ್ದ ನಮ್ಮ ರೂಢಿಯೇ ಭುಜದ ನೋವನ್ನು ಹೆಚ್ಚಿಸುತ್ತಿತ್ತೆಂದು ತಿಳಿದಾಗ ನಾಚಿಕೆಯಾಯಿತು. ಈಗ ತೋಳಿನ ಕೆಳಗೆ ದಿಂಬಿಟ್ಟು, ರಾತ್ರಿಯೂ ಮಗ್ಗುಲು ಬದಲಿಸಿ, ದಿನಕ್ಕೆರಡು ಬಾರಿ ಕೀಲುಗಳನ್ನು ಮೆಲ್ಲನೆ ಆಡಿಸುತ್ತೇವೆ. ಬಿಗಿತಕ್ಕೆ ನರರೋಗ ತಜ್ಞರು ಬ್ಯಾಕ್ಲೋಫೆನ್ ಬರೆದಿದ್ದಾರೆ. ಅದರ ಪ್ರಮಾಣ ಹೆಚ್ಚಾದರೆ ಉಳಿದಿರುವ ಬಲವೂ ಕುಗ್ಗಬಹುದಾದ್ದರಿಂದ, ದಿನದಿನದ ಬದಲಾವಣೆಗಳನ್ನು ಬರೆದಿಟ್ಟು ವೈದ್ಯರಿಗೆ ತೋರಿಸುವಂತೆ ಹೇಳಿಕೊಟ್ಟವರೂ ಈ ಚಿಕಿತ್ಸಕಿಯವರೇ. ರಿಲುಜೋಲ್ ಕಾಯಿಲೆಯ ವೇಗವನ್ನು ತುಸು ತಗ್ಗಿಸುವ ಮಾತ್ರೆಯೇ ಹೊರತು ನೋವಿನದ್ದಲ್ಲ ಎಂಬುದನ್ನೂ ಬಿಡಿಸಿ ಹೇಳಿದರು. ಭೇಟಿಯೊಂದಕ್ಕೆ 500 ರೂಪಾಯಿ ದುಬಾರಿಯೆನಿಸಲಿಲ್ಲ. ಆದರೆ ಮಳೆಗಾಲದಲ್ಲಿ ಎರಡು ಬಾರಿ ತಿಳಿಸದೆಯೇ ತಪ್ಪಿಸಿಕೊಂಡರು. ಒಂದು ಫೋನ್ ಕರೆಯನ್ನಾದರೂ ಮಾಡಬಹುದಿತ್ತು.